ತೋಟದ ಮನೆಗೆ ಯಾವ ಇಂಟರ್ನೆಟ್ ಹಾಕಿಸಬೇಕು? ಅನುಭವಸ್ಥರು ದಯವಿಟ್ಟು ತಿಳಿಸಿ

ಹೊಸತೋಟ, ತೀರ್ಥಹಳ್ಳಿ ತಾಲ್ಲೂಕು:
ನಮ್ಮ ಮನೆ ಡಾಂಬರು ರಸ್ತೆಯಿಂದ ಒಂದೂಕಾಲು ಕಿಲೋಮೀಟರ್ ಒಳಗೆ, ಅಡಿಕೆ ತೋಟದ ಅಂಚಿನಲ್ಲಿದೆ. ಎರಡು ವರ್ಷದಿಂದ ಬೆಂಗಳೂರಿನ ಕಚೇರಿಯ ಕೆಲಸವನ್ನು ಇಲ್ಲಿಂದಲೇ ಮಾಡುತ್ತಿದ್ದೇನೆ. ಕೇಬಲ್‌ನವರ ಮೂಲಕ ಹಾಕಿಸಿಕೊಂಡ 100 ಎಂಬಿಪಿಎಸ್ ಫೈಬರ್ ಬೆಳಿಗ್ಗೆ ತಕ್ಕಮಟ್ಟಿಗೆ ಓಡುತ್ತದೆ, ಸಂಜೆ ಏಳು ಗಂಟೆಯ ಮೇಲೆ ವೇಗ ಆರು ಎಂಬಿಪಿಎಸ್‌ಗೆ ಇಳಿಯುತ್ತದೆ, ಜೋರು ಮಳೆ ಹಿಡಿದರೆ ಮನೆಯೊಳಗಿನ ಫೈಬರ್ ಡಬ್ಬಿಯಲ್ಲಿ ಕೆಂಪು ದೀಪ ಮಿನುಗಿ ಪೂರ್ತಿ ನಿಲ್ಲುತ್ತದೆ. ಬೇರೆಯವರು ಹೊಸ ಫೈಬರ್ ಎಳೆಯಲು 14,000 ರೂಪಾಯಿ ಮುಂಗಡ ಕೇಳಿದ್ದಾರೆ. 5ಜಿ ಏರ್‌ಫೈಬರ್ (ತಂತಿಯಿಲ್ಲದೆ ಮೊಬೈಲ್ ಟವರಿನಿಂದ ಬರುವ ಮನೆ ಇಂಟರ್ನೆಟ್) ನಮ್ಮ ಪಿನ್‌ಕೋಡಿಗೆ ಲಭ್ಯವೆಂದು ಆಪ್ ತೋರಿಸುತ್ತದೆ, ಆದರೆ ಅಂಗಳದಲ್ಲಿ ಮೊಬೈಲಿಗೆ ಸಿಗುವುದು ಒಂದು ಕಡ್ಡಿ. ಇದ್ದುದನ್ನೇ ಸರಿಪಡಿಸಿಕೊಳ್ಳಲೇ, ಹೊಸದಕ್ಕೆ ದುಡ್ಡು ಹಾಕಲೇ?

ಬೆಟ್ಟದಂಚು, ಶಿರಸಿ:
ನಿಮ್ಮ ಬರಹ ಓದಿದಾಗ ನನ್ನ 2022ರ ಮಳೆಗಾಲ ಕಣ್ಣಮುಂದೆ ಬಂತು. ನಮ್ಮ ಊರಿನ ಕಂಬದವರೆಗೆ ಫೈಬರ್ ಬಂದಿತ್ತು, ಅಲ್ಲಿಂದ ಮನೆಗೆ 940 ಮೀಟರ್. ಇನ್ನೂರು ಮೀಟರಿನಾಚೆ ತಮ್ಮ ಜವಾಬ್ದಾರಿಯಲ್ಲವೆಂದು ಕಂಪನಿಯವರು ಕೈತೊಳೆದುಕೊಂಡ ಮೇಲೆ ಸಾವಿರ ಮೀಟರಿನ ರೋಲನ್ನು ನಾನೇ ತಂದೆ. ಲೆಕ್ಕ ಬರೆದಿಟ್ಟಿದ್ದೇನೆ: ಕೇಬಲ್ 6,500, ತಂದ ಬಾಡಿಗೆ 400, ಇಬ್ಬರು ಆಳುಗಳ ಮೂರು ದಿನದ ಸಂಬಳ 3,600, ಎರಡು ಕಡೆ ಬೆಸೆದದ್ದಕ್ಕೆ 1,000, ಕ್ಲಾಂಪು ಮೊಳೆ ತಂತಿ ಎಂದು 870, ಒಟ್ಟು 12,370 ರೂಪಾಯಿ. ಊಟ, ಚಹಾ ಇದರಲ್ಲಿ ಸೇರಿಲ್ಲ.

ಮೊದಲ ವರ್ಷ ಐದು ಸಲ ಹರಿಯಿತು. ಎರಡು ಸಲ ಸೋಗೆ ಬಿದ್ದು, ಒಮ್ಮೆ ಮಂಗಗಳು ಜೋತಾಡಿ, ಒಮ್ಮೆ ಕಾರಣ ತಿಳಿಯದೆ. ಐದನೆಯದು ಮಾತ್ರ ನಮ್ಮದೇ ತಪ್ಪು. ಅಡಿಕೆ ಗೊನೆ ಕೊಯ್ಯುವ ದಿನ ಮಿಣಿ ಹಗ್ಗದಲ್ಲಿ ಜಾರಿಬಂದ ಗೊನೆ ಕೇಬಲನ್ನೂ ಎಳೆದುಕೊಂಡು ಕೆಳಗಿಳಿಯಿತು. ಗೊನೆ ಕೊಯ್ಯುವ ಕೊನೆಗೌಡ ಮರದ ಮೇಲಿನಿಂದ ಬಗ್ಗಿ ನೋಡಿ, 'ಹೆಗಡೇರೆ, ಇದು ಕರೆಂಟಿನದಲ್ಲವಲ್ಲ?' ಎಂದು ಕೇಳಿದ. ಅವನಿಗೆ ಅಷ್ಟೇ ಬೇಕಿತ್ತು. ನನಗೆ ಮರುದಿನ ಹತ್ತು ಗಂಟೆಗೆ ಮೀಟಿಂಗ್ ಇತ್ತು. ಒಂದೊಂದು ಬೆಸುಗೆಗೆ 500ರಂತೆ ಮತ್ತೆ 2,500 ಹೋಯಿತು. ಒಟ್ಟು 19 ದಿನ ಸಂಪರ್ಕವಿರಲಿಲ್ಲ, ಅದಕ್ಕೆ ಪ್ರತಿಯಾಗಿ ಪ್ಲಾನಿನ ಅವಧಿಯನ್ನು ನಾಲ್ಕು ದಿನ ಮುಂದೂಡಿದರು. ಆದರೂ ಈಗ ಕೇಬಲನ್ನು ತೋಟದ ಹೊರಗಿನ ಅಗಳದ (ಕಂದಕದ) ಅಂಚಿನಲ್ಲಿ ಸುತ್ತಿಸಿದ್ದೇನೆ ಮತ್ತು ಈ ಕ್ಷಣದಲ್ಲಿ ನನಗೆ 92 ಎಂಬಿಪಿಎಸ್ ಬರುತ್ತಿದೆ. ಹೊಸ ಫೈಬರನ್ನೇ ಎಳೆಸಿರಿ, ಆದರೆ ಮುಂದೆ ನಿಂತು ಎಳೆಸಿರಿ.

ಘಟ್ಟದ ಕೆಳಗು, ಸುಳ್ಯ:
ಹನ್ನೆರಡು ಸಾವಿರ ಹಾಕಿ ಮಂಗಗಳಿಗೆ ಜೋಕಾಲಿ ಕಟ್ಟಿದಿರಿ ಎಂದಾಯಿತು. ನಾನು ತಂತಿಯ ಸಹವಾಸವನ್ನೇ ಬಿಟ್ಟೆ. 2020ರಲ್ಲಿ ಶಾಲೆ ಮುಚ್ಚಿದಾಗ ಮಗಳು ಗುಡ್ಡದ ತಲೆಯ ಮೇಲೆ ಕೊಡೆ ಹಿಡಿದು ಕುಳಿತು ಪಾಠ ಕೇಳುತ್ತಿದ್ದಳು. ಒಂದು ದಿನ ಇಂಬಳ (ಜಿಗಣೆ) ಕಚ್ಚಿದ ಕಾಲಿನಲ್ಲಿ ಅವಳು ಇಳಿದುಬಂದಾಗಲೇ ಮನೆಗೆ ಸಿಗ್ನಲ್ ತಂದೇ ತೀರುವೆನೆಂದು ನಿರ್ಧರಿಸಿದೆ.

ಸಿಮ್ ಹಾಕುವ 4ಜಿ ರೂಟರಿಗೆ 5,200 ಕೊಟ್ಟೆ. ಅಂಗಡಿಯವನ ಮಾತು ನಂಬಿ ಒಂದೇ ವಯರಿನ ಆಂಟೆನಾಕ್ಕೆ 1,400 ಹಾಕಿದ್ದು ದಂಡವಾಯಿತು. 4ಜಿಗೆ ಎರಡು ವಯರಿನದು ಬೇಕೆಂದು ಆಮೇಲೆ ತಿಳಿದು ಮತ್ತೆ 3,100 ಕೊಟ್ಟೆ. ಮೂವತ್ತು ಮೀಟರ್ ತೆಳ್ಳಗಿನ ವಯರ್ ಎಳೆದಾಗ ಆಂಟೆನಾ ಹಿಡಿದ ಸಿಗ್ನಲ್ ದಾರಿಯಲ್ಲೇ ಸೋರಿ ಮನೆ ತಲುಪುವಷ್ಟರಲ್ಲಿ ಏನೂ ಉಳಿಯುತ್ತಿರಲಿಲ್ಲ. ಕೊನೆಗೆ ರೂಟರನ್ನೇ ಅಟ್ಟಕ್ಕೆ ಏರಿಸಿ ವಯರನ್ನು ಆರು ಮೀಟರಿಗೆ ಇಳಿಸಿದೆ. ಟವರ್ ಇರುವುದು ಎದುರಿನ ಗುಡ್ಡದಲ್ಲಿ, ಬಿದಿರಿನ ಕಂಬವನ್ನು ಎರಡು ಬೆರಳಿನಷ್ಟು ತಿರುಗಿಸಿದರೂ ವೇಗ ಅರ್ಧವಾಗುತ್ತದೆ. ಸರಿಯಾದ ಕೋನ ಸಿಗಲು ನಾನು ಸೂರಿನ ಮೇಲೆ, ಮಡದಿ ಅಂಗಳದಲ್ಲಿ ಮೊಬೈಲ್ ಹಿಡಿದು ಅಂಕಿ ಕೂಗುತ್ತಾ ಎರಡು ಭಾನುವಾರ ಕಳೆದೆವು. ಈಗ 28 ಎಂಬಿಪಿಎಸ್ ಬರುತ್ತದೆ, ಮಳೆಯಲ್ಲೂ 20ಕ್ಕೆ ಕಡಿಮೆಯಿಲ್ಲ. ಮೀಟಿಂಗಿಗೆ ನಾಲ್ಕು ಸಾಲದೇ? 92 ಇಟ್ಟುಕೊಂಡು ಹೆಗಡೆಯವರು ಏನು ಅರೆಯುತ್ತಾರೋ ತಿಳಿಯದು.

ಮೂರನೇ ಮಹಡಿ, ಬೆಂಗಳೂರು:
ಹಳ್ಳಿಯವರು ನಗರದಲ್ಲಿ ಇಂಟರ್ನೆಟ್ ಸುಖವಾಗಿದೆಯೆಂದು ಭಾವಿಸಬಾರದು. ನಮ್ಮ ಅಪಾರ್ಟ್‌ಮೆಂಟಿನ ಸಂಘದವರು ಒಂದೇ ಕಂಪನಿಗೆ ಕೇಬಲ್ ಎಳೆಯಲು ಅನುಮತಿ ಕೊಟ್ಟು ಉಳಿದವರನ್ನು ಗೇಟಿನಲ್ಲೇ ತಡೆದಿದ್ದಾರೆ. ತಿಂಗಳಿಗೆ 799ರಂತೆ ಹನ್ನೆರಡು ತಿಂಗಳಿಗೆ 9,588, ಅದರ ಮೇಲೆ 18 ಶೇಕಡಾ ಜಿಎಸ್‌ಟಿ ಸೇರಿ 11,314 ರೂಪಾಯಿಯನ್ನು ಒಮ್ಮೆಲೇ ಕಟ್ಟಿದೆ, ಮೂರನೇ ತಿಂಗಳಿನಿಂದ ಸಂಜೆಯ ವೇಗ ನಾಲ್ಕಕ್ಕೆ ಬಂತು. ದೂರು ಕೊಟ್ಟರೆ ಡಾಕೆಟ್ ಸಂಖ್ಯೆ ಬರುತ್ತದೆ, ಸಂಜೆಗೆ 'ನಿಮ್ಮ ದೂರು ಪರಿಹಾರವಾಗಿದೆ' ಎಂಬ ಸಂದೇಶವೂ ಬರುತ್ತದೆ. ಅಂಥ ಹದಿನೇಳು ಸಂದೇಶಗಳನ್ನು ಮುದ್ರಿಸಿ ಕಡತ ಮಾಡಿಟ್ಟಿದ್ದೇನೆ. ದೂರು ಬಗೆಹರಿಯದಿದ್ದರೆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬಹುದು. ಟೆಲಿಕಾಂ ದೂರುಗಳನ್ನೂ ಗ್ರಾಹಕ ಆಯೋಗ ವಿಚಾರಿಸಬಹುದೆಂದು ಸುಪ್ರೀಂ ಕೋರ್ಟ್ 2022ರ ಫೆಬ್ರವರಿಯಲ್ಲಿ ಹೇಳಿರುವುದರಿಂದ ನಾನು ಆ ದಾರಿ ಹಿಡಿದಿದ್ದೇನೆ. ಅಂದಹಾಗೆ, 2023ರ ಜನವರಿಯಲ್ಲಿ ಸರ್ಕಾರ ಪರಿಷ್ಕರಿಸಿದ ವ್ಯಾಖ್ಯೆಯಂತೆ ಕನಿಷ್ಠ 2 ಎಂಬಿಪಿಎಸ್ ಬಂದರೆ ಅದು ಬ್ರಾಡ್‌ಬ್ಯಾಂಡ್. ಅದಕ್ಕೆ ಮೊದಲು 512 ಕೆಬಿಪಿಎಸ್ ಸಾಕಿತ್ತು. ತೀರ್ಥಹಳ್ಳಿಯವರ ಆರು ಕಾನೂನಿನ ಕಣ್ಣಿನಲ್ಲಿ ಮೂರು ಪಟ್ಟು ಬ್ರಾಡ್‌ಬ್ಯಾಂಡ್ ಎಂದು ಸಮಾಧಾನ ಪಡಲಿ.

ನಿವೃತ್ತ ಲೈನ್‌ಮನ್, ಸಾಗರ:
ಕೇಳಿದವರಿಗೆ ಯಾರೂ ಕೇಳಬೇಕಾದ ಪ್ರಶ್ನೆಯನ್ನೇ ಕೇಳಿಲ್ಲ. ಫೈಬರಿನ ಡಬ್ಬಿಗೆ ಬರುತ್ತಿರುವ ಬೆಳಕಿನ ಪವರ್ ಎಷ್ಟು? ಡಿಬಿ (ಡೆಸಿಬೆಲ್) ಅಳತೆಯಲ್ಲಿ ಅದು ಮೈನಸ್ 20ರ ಆಸುಪಾಸಿನಲ್ಲಿದ್ದರೆ ಚೆನ್ನಾಗಿದೆ, ಮೈನಸ್ 27 ದಾಟಿದರೆ ಡಬ್ಬಿ ತಡಕಾಡುತ್ತದೆ. ಪ್ರತಿ ಮೂರು ಡಿಬಿ ಇಳಿದಾಗಲೂ ಬೆಳಕು ಅರ್ಧಕ್ಕೆ ಬರುತ್ತದೆ. ಮಳೆಯಲ್ಲಿ ಕೆಂಪು ದೀಪ ಮಿನುಗುವುದೆಂದರೆ ನಡುವೆ ಎಲ್ಲೋ ಜೋಡಣೆಯ ಡಬ್ಬಿಗೆ ನೀರಿಳಿದಿದೆ, ಇಲ್ಲವೇ ನೆನೆದ ಕೊಂಬೆಯ ಭಾರಕ್ಕೆ ಕೇಬಲ್ ಮುರಿದಂತೆ ಬಾಗುತ್ತಿದೆ. ಸಂಜೆಯ ಆರು ಎಂಬಿಪಿಎಸ್ ಬೇರೆಯದೇ ಕಾಯಿಲೆ. ಒಂದು ಜಿಪಾನ್ ಪೋರ್ಟಿನಲ್ಲಿ (ಒಂದೇ ಫೈಬರನ್ನು ಹಲವು ಮನೆಗಳಿಗೆ ಹಂಚುವ ಕಿಂಡಿಯಲ್ಲಿ) ಸುಮಾರು 2.5 ಜಿಬಿಪಿಎಸ್, ಅಂದರೆ 2,500 ಎಂಬಿಪಿಎಸ್ ಇರುತ್ತದೆ, ಅದನ್ನು 64 ಮನೆಗಳಿಗೆ ಒಡೆದು ಎಲ್ಲರಿಗೂ 100 ಎಂದು ಮಾರಿದರೆ ಕಾಗದದ ಮೇಲೆ 6.4 ಜಿಬಿಪಿಎಸ್ ಆಗುತ್ತದೆ. ಎಲ್ಲರೂ ಒಟ್ಟಿಗೆ ಕೂರದ ತನಕ ಇದೂ ನಡೆಯುತ್ತದೆ. ಆದರೆ ಆ ಪೋರ್ಟಿನ ಹಿಂದೆ ಕೇಬಲ್‌ನವರು ಪೇಟೆಯಿಂದ ತಂದ ಬ್ಯಾಂಡ್‌ವಿಡ್ತ್ ಇನ್ನೂ ಕಡಿಮೆಯಿದ್ದರೆ ನಿಮ್ಮ ಮನೆಯ ಕೇಬಲನ್ನು ಚಿನ್ನದಿಂದ ಮಾಡಿಸಿದರೂ ಪ್ರಯೋಜನವಿಲ್ಲ.

ಶಿರಸಿಯವರಿಗೆ ಒಂದು ಮಾತು. ಐದು ಸಲ ಹರಿದದ್ದು ಮಂಗಗಳಿಂದಲ್ಲ, ಕೇಬಲನ್ನು ತೋಟದ ಮಧ್ಯೆ ಬಿಗಿದು ಕಟ್ಟಿದ್ದರಿಂದ. ಎರಡು ಆಸರೆಗಳ ನಡುವೆ ಸಡಿಲ ಬಿಡಬೇಕೆಂಬುದು ನಾವು ತಾಮ್ರದ ಫೋನ್ ತಂತಿಯ ಕಾಲದಲ್ಲೇ ಕಲಿತ ಪಾಠ.

ಬೆಟ್ಟದಂಚು, ಶಿರಸಿ:
ಸಡಿಲ ಬಿಟ್ಟಿದ್ದೆ ಸ್ವಾಮಿ. ಕೆಳಗೆ ಜೋತಿದ್ದರಿಂದಲೇ ಗೊನೆಗೆ ಸಿಕ್ಕಿದ್ದು. ತಾಮ್ರದ ಕಾಲವನ್ನು ತಾವೇ ಎತ್ತಿದ್ದರಿಂದ ಹೇಳುತ್ತೇನೆ: ಆಗ ನಮ್ಮ ಮನೆಯ ಫೋನು ಜೂನ್‌ನಲ್ಲಿ ಸತ್ತರೆ ದೀಪಾವಳಿಗೆ ಎದ್ದುಬರುತ್ತಿತ್ತು.

ನಿವೃತ್ತ ಲೈನ್‌ಮನ್, ಸಾಗರ:
ನಾಲ್ಕು ಊರುಗಳಿಗೆ ನಾನೊಬ್ಬನೇ ಆಳಾಗಿದ್ದೆ ಎಂಬುದನ್ನೂ ಸೇರಿಸಿಕೊಂಡು ಹೇಳಿ. ತಾಮ್ರದ ಮೇಲೆ ಬರುವ ಇಂಟರ್ನೆಟ್, ಟೆಲಿಫೋನ್ ಎಕ್ಸ್‌ಚೇಂಜಿನಿಂದ ದೂರ ಹೋದಷ್ಟೂ ಸಾಯುತ್ತಿತ್ತು. ಐದು ಕಿಲೋಮೀಟರಿನಾಚೆಯ ಮನೆಗೆ ನಾನು ಬ್ರಹ್ಮನನ್ನು ಕರೆತಂದಿದ್ದರೂ ಎರಡು ಎಂಬಿಪಿಎಸ್ ಕೊಡಿಸಲಾಗುತ್ತಿರಲಿಲ್ಲ. ಬೈಸಿಕೊಂಡದ್ದು ಮಾತ್ರ ನಾನು.

ಕುವೆಂಪುನಗರ, ಮೈಸೂರು:
ನನ್ನ ಕಥೆ ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಏಳು ತಿಂಗಳು ಕಂಪನಿಯೊಂದಿಗೆ ಜಗಳವಾಡಿ, ಎರಡು ಸಲ ರೂಟರ್ ಬದಲಿಸಿ, 2,900 ಕೊಟ್ಟು ಹೊಸದೊಂದನ್ನು ಕೊಂಡ ಮೇಲೆ, ದೀಪಾವಳಿಯ ಸುಣ್ಣಬಣ್ಣಕ್ಕೆಂದು ಸ್ಟೀಲ್ ಬೀರುವನ್ನು ಸರಿಸಿದ ದಿನ ಇಂಟರ್ನೆಟ್ ಹಾರತೊಡಗಿತು. ರೂಟರ್ ಬೀರುವಿನ ಹಿಂದಿತ್ತು. ಬಣ್ಣದವನು 'ಸಾರ್, ನೆಟ್ ಬರುತ್ತಿದೆಯೇ?' ಎಂದು ಕೇಳಿದ, ನಾನು ಉತ್ತರಿಸಲಿಲ್ಲ. ಪ್ರಶ್ನೆ ಕೇಳಿದವರು ವೇಗವನ್ನು ಕಂಪ್ಯೂಟರಿಗೆ ನೇರವಾಗಿ ಲ್ಯಾನ್ ವಯರ್ ಹಾಕಿ ಅಳೆದಿದ್ದಾರೋ, ಒಳಕೋಣೆಯಲ್ಲಿ ಮೊಬೈಲ್ ಹಿಡಿದು ಅಳೆದಿದ್ದಾರೋ? ಮಲೆನಾಡಿನ ಮಣ್ಣಿನ ಗೋಡೆಯನ್ನು 5 ಗಿಗಾಹರ್ಟ್ಸ್ ವೈಫೈ ದಾಟುವುದು ಕಷ್ಟ.

ಘಟ್ಟದ ಕೆಳಗು, ಸುಳ್ಯ:
ಬೀರುವಿನ ಹಿಂದೆ ರೂಟರ್ ಇಟ್ಟವರೂ ಮಲೆನಾಡಿನ ಗೋಡೆಯ ಬಗ್ಗೆ ಉಪದೇಶಿಸುವ ಕಾಲ ಬಂತು. ಲೈನ್‌ಮನ್ನರು ಡಿಬಿ ಲೆಕ್ಕ ಹಾಕುವಷ್ಟರಲ್ಲಿ ತೀರ್ಥಹಳ್ಳಿಯವರು ಒಂದು ಆಂಟೆನಾ ಏರಿಸಿದ್ದರೆ ಮುಗಿಯುತ್ತಿತ್ತು.

ನಿವೃತ್ತ ಲೈನ್‌ಮನ್, ಸಾಗರ:
ತಮ್ಮ ಎದುರು ಗುಡ್ಡದಲ್ಲಿ ಟವರ್ ಕಾಣುತ್ತದೆ, ಅವರ ಎದುರು ಅಡಿಕೆ ತಲೆಗಳಷ್ಟೇ ಕಾಣುತ್ತವೆ. ಒದ್ದೆ ಎಲೆ ರೇಡಿಯೋ ಅಲೆಯನ್ನು ಕುಡಿದುಬಿಡುತ್ತದೆ, 5ಜಿಯ ಹೆಚ್ಚಿನ ಆವರ್ತನದ ತರಂಗಗಳನ್ನಂತೂ ಇನ್ನೂ ಹೆಚ್ಚು. ಏಪ್ರಿಲ್‌ನಲ್ಲಿ ಸಿಡಿಲು ಬಡಿದಾಗ ಬಿದಿರಿನ ಕಂಬದ ತುದಿಯ ಆಂಟೆನಾಕ್ಕೆ ಏನಾಗುತ್ತದೆಂದು ಸುಳ್ಯದವರು ಇನ್ನೂ ಹೇಳಿಲ್ಲ.

ಘಟ್ಟದ ಕೆಳಗು, ಸುಳ್ಯ:
ಒಮ್ಮೆ ಹೋಗಿದೆ. ರೂಟರ್ ಮತ್ತು ಅಡಾಪ್ಟರ್ ಸೇರಿ 5,650. ಈಗ ಗುಡುಗು ಕೇಳಿದೊಡನೆ ವಯರ್ ಕಳಚುತ್ತೇವೆ.

ಮೂರನೇ ಮಹಡಿ, ಬೆಂಗಳೂರು:
ಹಾಗಾದರೆ ಮಳೆಯಲ್ಲೂ 20 ಎಂದದ್ದು ವಯರ್ ಕಳಚಿದ ಮೇಲಿನ ಅಂಕಿಯೇ?

ಘಟ್ಟದ ಕೆಳಗು, ಸುಳ್ಯ:
ಮಳೆ ಬೇರೆ, ಗುಡುಗು ಬೇರೆ. ಮೂರನೇ ಮಹಡಿಯಲ್ಲಿ ಕುಳಿತವರಿಗೆ ಅದರ ವ್ಯತ್ಯಾಸ ತಿಳಿಯುವುದಿಲ್ಲ. ತಾವು ಹದಿನೇಳು ಸಂದೇಶಗಳ ಕಡತವನ್ನು ತಿರುವುತ್ತಿರಿ.

ಮೂರನೇ ಮಹಡಿ, ಬೆಂಗಳೂರು:
ನಿನ್ನೆಗೆ ಹತ್ತೊಂಬತ್ತಾಗಿದೆ.

ಹೊಸತೋಟ, ತೀರ್ಥಹಳ್ಳಿ ತಾಲ್ಲೂಕು:
ಎಲ್ಲರಿಗೂ ಧನ್ಯವಾದಗಳು. ಲ್ಯಾನ್ ವಯರ್ ಹಾಕಿಯೇ ಅಳೆದಿದ್ದೇನೆ, ನಮ್ಮ ಮನೆಯ ಬೀರು ಮರದ್ದು. ಡಬ್ಬಿಯ ಸೆಟ್ಟಿಂಗಿನಲ್ಲಿ ಪವರ್ ನೋಡಿದೆ: ಬೆಳಿಗ್ಗೆ ಬಿಸಿಲಿನಲ್ಲಿ ಮೈನಸ್ 25.8, ಈಗ ಮಳೆ ಬರುತ್ತಿದೆ, ಮೈನಸ್ 29.1.

ನಿವೃತ್ತ ಲೈನ್‌ಮನ್, ಸಾಗರ:
ಮೂರು ಡಿಬಿಗೂ ಹೆಚ್ಚು, ಅಂದರೆ ಅರ್ಧಕ್ಕಿಂತ ಹೆಚ್ಚಿನ ಬೆಳಕು ಮಳೆಗೆ ಸೋರುತ್ತಿದೆ. ಸದ್ಯಕ್ಕೆ 14,000 ಕೊಡಬೇಡಿ. ಕಂಬದಿಂದ ನಿಮ್ಮ ಮನೆಯವರೆಗೆ ಕೇಬಲ್ ಜೊತೆಗೇ ನಡೆದು ಬನ್ನಿ, ಎಷ್ಟು ಕಪ್ಪು ಡಬ್ಬಿಗಳು ಸಿಗುತ್ತವೆ ಮತ್ತು ಅವುಗಳಲ್ಲಿ ಎಷ್ಟರ ಬಾಯಿ ಮೇಲ್ಮುಖವಾಗಿದೆಯೆಂದು ತಿಳಿಸಿ. ಸಂಜೆಯ ಆರರ ವಿಷಯ ಆಮೇಲೆ ನೋಡೋಣ.

ಹೊಸತೋಟ, ತೀರ್ಥಹಳ್ಳಿ ತಾಲ್ಲೂಕು:
ನಡೆದು ಬಂದೆ. ಮೂರು ಡಬ್ಬಿಗಳಿವೆ. ಒಂದಕ್ಕೆ ಮುಚ್ಚಳವೇ ಇಲ್ಲ, ಪ್ಲಾಸ್ಟಿಕ್ ಕೊಟ್ಟೆ ಕಟ್ಟಿದ್ದಾರೆ, ಒಳಗೆ ಚಗಳಿ ಇರುವೆ ಗೂಡು ಕಟ್ಟಿದೆ.

ಬೆಟ್ಟದಂಚು, ಶಿರಸಿ:
ಚಗಳಿಯೇ? ಚಟ್ನಿಗಾಯಿತು.