ಹಾಕಿ ಚೆಂಡು ಪ್ಯಾಡಿಗೆ ಬಡಿದು ವಾಪಸ್ ಹೋದರೆ ಇಂಪಲ್ಸ್ ಎಷ್ಟು?

ಪಿಯು_ವಿರಾಜಪೇಟೆ:
160 ಗ್ರಾಂ ಚೆಂಡು 25 ಮೀ/ಸೆ ವೇಗದಲ್ಲಿ ಬಂದು ಗೋಲ್‌ಕೀಪರ್ ಪ್ಯಾಡಿಗೆ ಬಡಿದು, ಬಂದ ದಾರಿಯಲ್ಲೇ 10 ಮೀ/ಸೆನಲ್ಲಿ ವಾಪಸ್ ಹೋಗುತ್ತೆ. ತಾಗಿದ ಸಮಯ 5 ಮಿಲಿಸೆಕೆಂಡ್. 0.16 × (25 − 10) = 2.4 ಅಂತ ನನ್ನ ಲೆಕ್ಕ, ಉತ್ತರ 5.6 ಅಂತೆ. ಹೇಗೆ ಸರ್? ಪ್ಯಾಡ್ ಮೆತ್ತಗಿದ್ದರೆ ಇಂಪಲ್ಸ್ ಕಡಿಮೆಯಾಗಲ್ವಾ?

ಮಡಿಕೇರಿ_ಮೇಷ್ಟ್ರು:
ದಿಕ್ಕು ಬಿಟ್ಟಿದ್ದೀರಿ. ಇಂಪಲ್ಸ್ ಅಂದರೆ ಸಂವೇಗದ (ದ್ರವ್ಯರಾಶಿ × ವೇಗ) ಬದಲಾವಣೆ, ಸಂವೇಗಕ್ಕೆ ಪ್ಲಸ್-ಮೈನಸ್ ಇದೆ. ಪ್ಯಾಡಿನ ಕಡೆಗೆ ಪ್ಲಸ್ ಅಂದುಕೊಳ್ಳಿ: ಮೊದಲು +4.0, ಆಮೇಲೆ −1.6. ಬದಲಾವಣೆ −5.6 ನ್ಯೂಟನ್-ಸೆಕೆಂಡ್, ಮೈನಸ್ ಅಂದರೆ ಪ್ಯಾಡ್ ಚೆಂಡನ್ನು ಹಿಂದಕ್ಕೆ ತಳ್ಳಿತು ಅಂತ ಅಷ್ಟೇ. ಚೆಂಡು ಅಲ್ಲೇ ನಿಂತಿದ್ದರೆ 4.0 ಸಾಕಿತ್ತು. ನಿಲ್ಲಿಸಿ, ಮತ್ತೆ ವಾಪಸ್ ಅಟ್ಟಬೇಕಲ್ಲ, ಅದಕ್ಕೇ 1.6 ಹೆಚ್ಚು.

ಸರಾಸರಿ ಬಲ 5.6 ÷ 0.005 = 1120 ನ್ಯೂಟನ್. ಮಿಲಿಸೆಕೆಂಡನ್ನು ಸೆಕೆಂಡಿಗೆ ತರದೆ 5ರಿಂದಲೇ ಭಾಗಿಸಿ 1.12 ಬರೆಯುವವರೇ ಜಾಸ್ತಿ. ಬಲ-ಕಾಲ ಗ್ರಾಫ್ ತ್ರಿಕೋನವಾಗಿದ್ದರೆ ಗರಿಷ್ಠ ಬಲ ಸರಾಸರಿಯ ಎರಡರಷ್ಟು, 2240.

ಪ್ಯಾಡ್ ಮೆತ್ತಗಿದ್ದರೆ ಸಮಯ ಹೆಚ್ಚುತ್ತೆ, ಬಲ ಇಳಿಯುತ್ತೆ. ಮೊದಲಿನ, ಕೊನೆಯ ವೇಗ ಅವೇ ಆಗಿದ್ದರೆ ಇಂಪಲ್ಸ್ ಬದಲಾಗಲ್ಲ.

ಟರ್ಫ್_ಪೊನ್ನಂಪೇಟೆ:
ಮೇಷ್ಟ್ರು ಹೇಳಿದ್ದು ಸರಿ, ಆದರೆ ಆ 'ಅವೇ ಆಗಿದ್ದರೆ' ಅನ್ನೋದು ಮುಖ್ಯ. ಗೋಲ್‌ಕೀಪರ್ ಶೂ ಮೇಲೆ ಹಾಕೋ ಈಗಿನ ಫೋಮ್ ಕಿಕ್ಕರ್‌ಗಳು ಚೆಂಡನ್ನು ದೂರ ಚಿಮ್ಮಿಸೋಕೆ ಅಂತಲೇ ಇರೋದು, ಅಲ್ಲಿ ಇಂಪಲ್ಸ್ ಜಾಸ್ತಿನೇ. ಪಾಸ್ ತಗೊಳ್ಳೋದು ಇದಕ್ಕೆ ಉಲ್ಟಾ. 15 ಮೀ/ಸೆ ಪಾಸನ್ನು ಸ್ಟಿಕ್ ಬಿಗಿ ಹಿಡಿದು 2 ಸೆಂ.ಮೀ.ನಲ್ಲಿ ನಿಲ್ಲಿಸಿದರೆ ಸರಾಸರಿ 900 ನ್ಯೂಟನ್. ಕೈ ಸಡಿಲ ಬಿಟ್ಟು 10 ಸೆಂ.ಮೀ. ಹಿಂದೆ ತಂದರೆ 180. ಎರಡರಲ್ಲೂ ಇಂಪಲ್ಸ್ 2.4. ಬಿಗಿ ಹಿಡಿದವರ ಸ್ಟಿಕ್ಕಿಂದ ಚೆಂಡು ಪುಟಿದು ಎದುರಾಳಿಗೆ ಸಿಗೋದು ಸುಮ್ಮನೆ ಅಲ್ಲ.

ಪಿಯು_ವಿರಾಜಪೇಟೆ:
ಅರ್ಥ ಆಯ್ತು. ಚೆಂಡು ಅದೇ ವೇಗದಲ್ಲಿ ಪಕ್ಕಕ್ಕೆ, ಸರಿಯಾಗಿ 90 ಡಿಗ್ರಿಗೆ ತಿರುಗಿದರೆ? ವೇಗ ಬದಲಾಗಿಲ್ಲ, ಹಾಗಾದರೆ ಸೊನ್ನೆ ತಾನೇ?

ಮಡಿಕೇರಿ_ಮೇಷ್ಟ್ರು:
ಅಲ್ಲ. ವೇಗ 20 ಮೀ/ಸೆ ಅಂದುಕೊಂಡರೆ ಮುಂದಿನ 3.2 ಪೂರ್ತಿ ಹೋಯಿತು, ಪಕ್ಕಕ್ಕೆ 3.2 ಹೊಸದಾಗಿ ಬಂತು. ಎರಡೂ ಲಂಬವಾಗಿರೋದರಿಂದ ಪೈಥಾಗೊರಸ್ ಹಾಕಿ: ಸುಮಾರು 4.5 ನ್ಯೂಟನ್-ಸೆಕೆಂಡ್.