‘ವಿಷಾಹಾರ’ಕ್ಕೆ ಬೇರೆ ಪದ ಇದೆಯಾ?

ಗೆಳೆಯರೇ,

ವಿರಾಜಪೇಟೆ ಕಡೆಯ ಆಶಾ ಕಾರ್ಯಕರ್ತೆಯರಿಗಾಗಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಊಟದಿಂದ ಬರುವ ಬ್ಯಾಕ್ಟೀರಿಯಾ ಕಾಯಿಲೆಗಳನ್ನು ಬೇಗ ಪತ್ತೆ ಹಚ್ಚಿ ವರದಿ ಮಾಡುವುದರ ಬಗ್ಗೆ. ‘ವಿಷಾಹಾರ’ ಅನ್ನುವ ಪದದ ಹತ್ತಿರ ಪೆನ್ನು ನಿಂತಿದೆ.

‘ವಿಷಾಹಾರ ಸೇವಿಸಿ ಅಸ್ವಸ್ಥ’ ಎಂದೇ ಪತ್ರಿಕೆಗಳು ಬರೆಯುತ್ತವೆ. ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾದ ಮಟ್ಟಿಗೆ ಇದು ಸರಿಯೇ. ಅದು ಅಡುಗೆಯವರ ಕೈಗಾಯದಿಂದ ಊಟಕ್ಕೆ ಸೇರಿ ಅಲ್ಲೇ ವಿಷ ಮಾಡುತ್ತದೆ. ಮತ್ತೆ ಕುದಿಸಿದರೂ ಆ ವಿಷ ಹೋಗುವುದಿಲ್ಲ, ತಿಂದ ಕೆಲವೇ ಗಂಟೆಯಲ್ಲಿ ವಾಂತಿ. ಸಾಲ್ಮೊನೆಲ್ಲಾ ಹಾಗಲ್ಲ. ಜೀವಂತ ಬ್ಯಾಕ್ಟೀರಿಯಾವೇ ಹೊಟ್ಟೆಗೆ ಹೋಗಿ ಕರುಳಿನಲ್ಲಿ ಬೆಳೆಯುತ್ತದೆ. ಸಾಮಾನ್ಯವಾಗಿ 6ರಿಂದ 72 ಗಂಟೆಯೊಳಗೆ ಜ್ವರ, ಭೇದಿ. ಇದು ಸೋಂಕು, ಅಲ್ವಾ?

ಗೋಣಿಕೊಪ್ಪದಲ್ಲಿ ಭಾನುವಾರ ಮದುವೆ ಊಟ ಆಯಿತು ಅಂದುಕೊಳ್ಳಿ. ಮಂಗಳವಾರ ಒಬ್ಬರು ಮಡಿಕೇರಿಯಲ್ಲಿ, ಇನ್ನೊಬ್ಬರು ಮೈಸೂರಿನಲ್ಲಿ ಡಾಕ್ಟರ ಮುಂದೆ ಕೂತಿರುತ್ತಾರೆ. ಇಬ್ಬರೂ ದೂರುವುದು ಸೋಮವಾರ ರಾತ್ರಿ ತಿಂದದ್ದನ್ನು. ಮದುವೆ ಊಟ ಹಳಸಿರಲಿಲ್ಲವಲ್ಲ! ಆದರೆ ಸಾಲ್ಮೊನೆಲ್ಲಾ ಸೇರಿದ ಪಂದಿಕರಿಯೂ ಘಮಘಮ ಅನ್ನಬಹುದು. ಹಾಗಾಗಿ ‘ಹಳಸಿದ ಊಟ’ ಅನ್ನುವುದೂ ಆಗಲ್ಲ. ಇನ್ನು ‘ವಿಷ’ ಅಂದ ಕೂಡಲೇ ಯಾರು ಹಾಕಿದರು ಅನ್ನುವ ಪ್ರಶ್ನೆ ಏಳುತ್ತದೆ. ಹೆದರಿದ ಅಡುಗೆಯವರು ಉಳಿದದ್ದನ್ನೆಲ್ಲ ಚೆಲ್ಲಿ ಪಾತ್ರೆ ತೊಳೆದುಬಿಟ್ಟರೆ ಲ್ಯಾಬಿಗೆ ಕಳಿಸಲು ಸ್ಯಾಂಪಲ್ಲೇ ಇರುವುದಿಲ್ಲ.

(ಟೈಫಾಯ್ಡಿನ ‘ವಿಷಮಶೀತ ಜ್ವರ’ದಲ್ಲಿ ಇರುವುದು ವಿಷವಲ್ಲ, ವಿಷಮ. ಅಲ್ಲೂ ಎಷ್ಟೋ ಜನ ವಿಷ ಅಂತಲೇ ಕೇಳಿಸಿಕೊಳ್ಳುತ್ತಾರೆ.)

‘ಊಟದ ಸೋಂಕು’ ಅಂತ ಸದ್ಯಕ್ಕೆ ಬರೆದಿದ್ದೇನೆ. ತೊಡಕೂ ಇದೆ. ಕಾರ್ಯಕರ್ತೆ ಮನೆ ಬಾಗಿಲಿಗೆ ಹೋದಾಗ ಅದು ವಿಷವೋ ಸೋಂಕೋ ಗೊತ್ತಿರುವುದಿಲ್ಲ. ರೋಗ ವರದಿಗೆಂದು ಉಪಕೇಂದ್ರದ ಆರೋಗ್ಯ ಕಾರ್ಯಕರ್ತೆಯರು ತುಂಬುವ ಎಸ್ ಫಾರಂ ಬರೀ ಶಂಕಿತ ಪ್ರಕರಣಕ್ಕೆ. ಡಾಕ್ಟರದು ಪಿ, ಲ್ಯಾಬಿನದು ಎಲ್. ಮೊದಲ ಹಂತಕ್ಕೆ ಎರಡನ್ನೂ ಒಳಗೊಳ್ಳುವ, ಯಾರ ಮೇಲೂ ತಪ್ಪು ಹೊರಿಸದ ಪದ ಬೇಕು. ‘ಆಹಾರಜನ್ಯ ಕಾಯಿಲೆ’ ಅರ್ಥದಲ್ಲಿ ಸರಿ, ಬಾಯಿಗೆ ಒಗ್ಗಲ್ಲ. ‘ವಾಂತಿಭೇದಿ’ ಎಲ್ಲರಿಗೂ ಗೊತ್ತು, ಆದರೆ ಅದರಲ್ಲಿ ಊಟದ ಸುಳಿವೇ ಇಲ್ಲ.

ಇನ್ನೊಂದು. ಈ ಫಾರಂಗಳು ಸೇರಿರುವ, ರೋಗಗಳ ಮೇಲೆ ಕಣ್ಣಿಡಲು 2004ರಲ್ಲಿ ಶುರುವಾದ ಕೇಂದ್ರದ ಯೋಜನೆಯ ಹೆಸರಿನಲ್ಲಿ ‘ಸರ್ವೇಕ್ಷಣೆ’ ಇದೆ. ತೋಟದವರಿಗೆ ಅದು ಗಡಿ ಅಳೆಯುವ ಸರ್ವೆ. ‘ಕಣ್ಗಾವಲು’ ಅಂದರೆ ಪೊಲೀಸ್ ನೆನಪಾಗುತ್ತದೆ. ‘ರೋಗನಿಗಾ’ ನನಗೆ ಹಿಡಿಸಿದೆ, ನಿಮಗೆ?

ಕೊಡವ ತಕ್ಕ್, ಅರೆಭಾಷೆ ಬಲ್ಲವರು ಇದ್ದೀರಲ್ಲ. ಊಟ ಒಗ್ಗದೆ ಹೊಟ್ಟೆ ಕೆಟ್ಟರೆ ನಿಮ್ಮ ಮನೆಯಲ್ಲಿ ಹಿರಿಯರು ಏನನ್ನುತ್ತಾರೆ, ತಿಳಿಸಿ.