ಪುಣೆಯ ಚಳಿ, ಹಳೆ ಮನೆ: ವೆಂಟಿಲೇಟರ್ ಮುಚ್ಚಬಹುದಾ?

ಪ್ರಶ್ನೆ (ಸದಾಶಿವ ಪೇಟೆ, ಪುಣೆ)

ನಮ್ಮದು ಹಳೆ ವಾಡೆಯಲ್ಲಿ ಮಹಡಿ ಮೇಲಿನ ಎರಡು ಕೋಣೆ. ಸಾಗವಾನಿ ಬಾಗಿಲು, ಅದರ ಮೇಲೆ ಕಂಬಿ ಹಾಕಿದ ವೆಂಟಿಲೇಟರ್. ಧಾರವಾಡದಿಂದ ಅತ್ತೆ ಬಂದಿದ್ದಾರೆ. ಬೆಳಗಿನ ಜಾವ 10-11 ಡಿಗ್ರಿಗೆ ಇಳಿದಾಗ ಬಾಗಿಲ ಕೆಳಗಿಂದ ಗಾಳಿ ಸುಯ್ ಅಂತ ಬಂದು ಅವರ ಹಾಸಿಗೆಗೇ ಬಡಿಯುತ್ತದೆ, ಎರಡು ಕೌದಿ ಹೊದ್ದರೂ ಕೆಮ್ಮು ನಿಲ್ಲುವುದಿಲ್ಲ. ಹೋದ ವಾರ ವೆಂಟಿಲೇಟರ್‌ಗೆ ರಟ್ಟು ಬಡಿದೆ. ಈಗ ಬೆಳಿಗ್ಗೆ ಎದ್ದರೆ ಕಿಟಕಿ ಗಾಜಿನ ಒಳಗಡೆ ನೀರು ಇಳಿದಿರುತ್ತದೆ, ಕೋಣೆಯೆಲ್ಲ ಮುಗ್ಗಲು ವಾಸನೆ. ಬಚ್ಚಲಿನ ಕಿಂಡಿಯಿಂದಲೂ ಚಳಿ ಬರುತ್ತದೆ, ಅದನ್ನೂ ಮುಚ್ಚಲಾ? ಗ್ಯಾಸ್ ಗೀಸರ್ ಅಲ್ಲೇ ಒಳಗಿದೆ.

ಕೋಥರೂಡ್‌ನಿಂದ

ಅಕ್ಕಾ, ಬಚ್ಚಲಿನ ಕಿಂಡಿ ಮುಟ್ಟಬೇಡಿ! ಗ್ಯಾಸ್ ಗೀಸರ್ ಉರಿಯುವಾಗ ಕೋಣೆಯ ಆಮ್ಲಜನಕ ತಿನ್ನುತ್ತದೆ, ಗಾಳಿ ಸಾಲದಿದ್ದರೆ ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ತಲೆ ಸುತ್ತಿತು ಅನ್ನುವಷ್ಟರಲ್ಲಿ ಚಿಲಕ ತೆಗೆಯುವ ಶಕ್ತಿಯೂ ಇರುವುದಿಲ್ಲ. ಕಿಂಡಿ ಇದ್ದರೂ ಸಾಲದು, ಗೀಸರ್ ಹೊರಗೆ ಹಾಕಿಸಿ, ಒಳಗೆ ಬರೀ ಬಿಸಿನೀರಿನ ಪೈಪ್ ಬರಲಿ. ಅಲ್ಲಿಯವರೆಗೆ ಒಲೆ ಮೇಲೆ ನೀರು ಕಾಯಿಸಿಕೊಳ್ಳಿ, ದಯವಿಟ್ಟು.

ಮಾಟುಂಗಾದಿಂದ

ರಟ್ಟು ತೆಗೆಯಿರಿ. ರಾತ್ರಿಯೆಲ್ಲ ನಾವು ಬಿಡುವ ಉಸಿರಿನ ತೇವ ಹೊರಗೆ ಹೋಗಲು ದಾರಿ ಇಲ್ಲದೆ ತಣ್ಣನೆ ಗಾಜಿನ ಮೇಲೆ ಕೂರುತ್ತಿದೆ, ಹೀಗೇ ಬಿಟ್ಟರೆ ಕಪಾಟಿನ ಹಿಂದಿನ ಗೋಡೆಗೆ ಬೂಷ್ಟು ಹಿಡಿಯುತ್ತದೆ. ಮೇಲಿನ ಗಾಳಿ ಇರಲಿ, ಮೈಗೆ ಬಡಿಯುವ ಕೆಳಗಿನ ಗಾಳಿ ನಿಲ್ಲಿಸಿ. ಫ್ಯಾನ್ ಆರಿಸಿ, ಊದಿನಕಡ್ಡಿ ಹಚ್ಚಿ ಬಾಗಿಲು-ಕಿಟಕಿ ಅಂಚಿಗುಂಟ ನಿಧಾನಕ್ಕೆ ಹಿಡಿಯಿರಿ. ಹೊಗೆ ಎಲ್ಲಿ ಬಾಗುತ್ತದೋ ಅಲ್ಲೇ ಸಂದು. ಅಷ್ಟಕ್ಕೆ ಮಾತ್ರ ತೆಳು ಫೋಮ್ ಟೇಪ್ ಅಂಟಿಸಿ. ದಪ್ಪದ್ದು ಬೇಡ, ಯಾಕಂದ್ರೆ ಹಳೆ ಮರ ಮಳೆಗಾಲದಲ್ಲಿ ಉಬ್ಬುತ್ತದೆ, ಚಳಿಗಾಲದಲ್ಲಿ ಕುಗ್ಗುತ್ತದೆ. ನಮ್ಮಲ್ಲಿ ಜುಲೈನಲ್ಲಿ ಬಾಗಿಲು ಹಿಡಿಯುತ್ತದೆ ಅಂತ ಬಡಗಿಯಿಂದ ರಂದಾ ಹೊಡೆಸಿದೆವು. ಡಿಸೆಂಬರ್‌ಗೆ ಒಂದು ಬೆರಳು ತೂರುವಷ್ಟು ಸಂದು! ಇವತ್ತಿಗೂ ಆ ಬಾಗಿಲು ನೋಡಿದರೆ ಹೊಟ್ಟೆ ಉರಿಯುತ್ತದೆ.

ಅಡುಗೆಮನೆಯಿಂದ ಹೊರಗೆ ಹೋಗುವ ಬಾಗಿಲಿನ ಕೆಳಗಡೆ ಮಾತ್ರ ಏನೂ ಹಾಕಬೇಡಿ. ಸಿಲಿಂಡರ್ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೇ ಹರಡುತ್ತದೆ.

ಮಡಗಾಂವ್‌ನಿಂದ

ಮಧ್ಯಾಹ್ನ ಬಿಸಿಲಿದ್ದಾಗ ಎದುರು-ಬದುರು ಕಿಟಕಿ ಹತ್ತು ನಿಮಿಷ ಪೂರ್ತಿ ತೆಗೆದಿಡಿ. ಒದ್ದೆ ಬಟ್ಟೆ ಒಳಗೆ ಒಣಹಾಕಬೇಡಿ. ಅತ್ತೆಯ ಹಾಸಿಗೆಯನ್ನೂ ಬಾಗಿಲ ನೇರದಿಂದ ಸರಿಸಿ ನೋಡಿ, ಒಳಗಿನ ಗೋಡೆ ಕಡೆಗೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಗೀಸರ್ ವಿಷಯ ಓದಿ ಕೈಕಾಲು ತಣ್ಣಗಾಯಿತು. ಗೀಸರ್ ಆಗಲೇ ಬಂದ್ ಮಾಡಿದೆ, ಹೊರಗೆ ಹಾಕಲು ಪ್ಲಂಬರ್ ಶನಿವಾರ ಬರುತ್ತಾನೆ. ರಟ್ಟು ಕಿತ್ತೆ. ಊದಿನಕಡ್ಡಿ ಹಿಡಿದೆ. ಕಿಟಕಿ ಹತ್ತಿರ ಹೊಗೆ ನೆಟ್ಟಗೆ ಮೇಲೆ ಹೋಯಿತು, ಬಾಗಿಲ ಬುಡದಲ್ಲಿ ಮಾತ್ರ ಪೂರ್ತಿ ಒಳಕ್ಕೆ ಮಲಗಿತು. ಹಳೆ ಸೀರೆಯನ್ನು ಬಿಗಿಯಾಗಿ ಸುರುಳಿ ಸುತ್ತಿ ಅಲ್ಲಿ ಇಟ್ಟಿದ್ದೇನೆ. ಹಾಸಿಗೆಯನ್ನೂ ಸರಿಸಿದೆ. ರಾತ್ರಿ ಅತ್ತೆ ಒಂದೇ ಸಲ ಎದ್ದರು, ಅದೂ ನೀರು ಕುಡಿಯಲು.